ಹೆಪ್ಪುಗಟ್ಟದ ರಕ್ತ

ಥಿಯೇಟರಿನ ಬಾಗಿಲು ತಳ್ಳಿಕೊಂಡು ಹೊರಬಂದ ಸರ್ಜನ್ ಇನ್ನೂ ಕೈಗವಸು ಬಿಚ್ಚಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲಿದ್ದ ಬಾಣಂತಿಯ ತಾಯಿ ಸರ್ಜನ್ ಮುಖ ನೋಡಿದವಳೇ ಗೋಡೆ ಹಿಡಿದು ಕುಸಿದಳು.

"ಮಗು ಚೆನ್ನಾಗಿದೆ. ಆದ್ರೆ ರಕ್ತ ನಿಲ್ಲಲೇ ಇಲ್ಲ," ಎಂದಳು ಸರ್ಜನ್. ಆಮೇಲೆ, ತನ್ನಷ್ಟಕ್ಕೆ ಎಂಬಂತೆ — "ಚೀಲದ ಮೇಲೆ ಚೀಲ ಪ್ಲಾಸ್ಮಾ ಹಾಕಿದೆ. ಒಂದು ಹನಿ ರಕ್ತಾನೂ ಹೆಪ್ಪುಗಟ್ಟಲಿಲ್ಲ. ನೀರು ಹಾಕಿದ ಹಾಗಾಯ್ತು. ಇದು ತಾನಾಗಿ ಬಂದ ಸಾವಲ್ಲ. ಯಾರೋ ತಂದಿದ್ದು."

ಆ ಒಂದು ಮಾತು ಸಾಕಾಯಿತು. ಸತ್ತವಳ ಅಣ್ಣತಮ್ಮಂದಿರು ಅಂಗಳಕ್ಕೆ ನುಗ್ಗಿ, ಪ್ಲಾಸ್ಮಾ ಪೆಟ್ಟಿಗೆ ತಂದಿದ್ದ ಡ್ರೈವರನ್ನು ಹಿಡಿದು ಬಡಿದರು. ಪೊಲೀಸರು ಬಿಡಿಸಿ ಲಾಕಪ್ಪಿಗೆ ಹಾಕಿದರು. ವಾರ್ಡಿನ ನರ್ಸನ್ನು ಅಮಾನತು ಮಾಡಿದರು. ಮರುದಿನ ಬೆಳಿಗ್ಗೆ ಆರೋಗ್ಯ ಇಲಾಖೆಯ ತನಿಖಾಧಿಕಾರಿ ಬಂದಿಳಿದಳು.

ಐವತ್ತು ದಾಟಿದ ಹೆಂಗಸು. ಎಡ ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಜೊತೆಗೆ ಠಾಣೆಯವರು ಒಬ್ಬ ಸಬ್ ಇನ್ಸ್‌ಪೆಕ್ಟರನ್ನು ಕೊಟ್ಟಿದ್ದರು. ಅವನ ಮಟ್ಟಿಗೆ ಕೇಸು ಆಗಲೇ ಮುಗಿದಿತ್ತು.

"ಡ್ರೈವರ್ರೇ ಮೇಡಂ. ದಾರೀಲಿ ಗಾಡಿ ನಿಲ್ಲಿಸಿದ್ದ. ಅವನೇ ಒಪ್ಕೊಂಡಿದಾನೆ."

"ಒಪ್ಕೊಂಡಿದ್ದು ನಿಲ್ಲಿಸಿದ್ದನ್ನ. ಕೊಂದಿದ್ದನ್ನಲ್ಲ. ನಡೀರಿ, ಅವನನ್ನೇ ಕೇಳೋಣ."

ಊರೆಲ್ಲ ರಾಕೆಟ್ ಎಂದು ಕರೆಯುವ ಡ್ರೈವರ್ ಲಾಕಪ್ಪಿನ ಮೂಲೆಯಲ್ಲಿ ಕೂತಿದ್ದ. ತುಟಿ ಒಡೆದಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಯಾಕಪ್ಪ ನಿಲ್ಲಿಸಿದೆ?"

"ಪಂಕ್ಚರ್ ಆಯ್ತು ಮೇಡಂ, ಸೇತುವೆ ಹತ್ರ. ಟೈರ್ ಬದಲಾಯಿಸಿ ಹೊರಟೆ."

"ಬಿಸಿಲಿತ್ತಾ?"

"ತಲೆ ಒಡೆಯೋ ಬಿಸಿಲು. ಪೆಟ್ಟಿಗೆ ಇಳಿಸಿ ಗಾಡಿ ನೆರಳಲ್ಲಿ ಇಟ್ಕೊಂಡಿದ್ದೆ. ಮುಚ್ಚಳ ಮುಟ್ಟಿಲ್ಲ. ನನ್ನ ಮಕ್ಕಳಾಣೆ." ಒಡೆದ ತುಟಿಯಲ್ಲೇ ನಗಲು ನೋಡಿದ. "ನಮ್ಮ ಹಣೆಬರಹ ನೋಡಿ. ಜೋರಾಗಿ ಓಡಿಸಿದ್ರೆ ಪೊಲೀಸ್ನೋರು ಹಿಡೀತಾರೆ. ನಿಧಾನಕ್ಕೆ ಬಂದ್ರೆ ಜನ ಹೊಡೀತಾರೆ."

ಸಬ್ ಇನ್ಸ್‌ಪೆಕ್ಟರ್ ನಗಲಿಲ್ಲ. ತನಿಖಾಧಿಕಾರಿಯೂ ನಗಲಿಲ್ಲ. ಆದರೆ ಹೊರಡುವಾಗ ಅವನ ಕಣ್ಣಿಗೆ ಔಷಧಿ ಹಾಕಿಸಲು ಹೇಳಿದಳು.

ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ತನ್ನ ಬೀರು ಖಾಲಿ ಮಾಡುತ್ತಿದ್ದಳು. ಚಪ್ಪಲಿ, ಬಾಚಣಿಗೆ, ಒಂದು ಊಟದ ಡಬ್ಬಿ. ಅತ್ತೂ ಅತ್ತೂ ಧ್ವನಿ ಕಟ್ಟಿತ್ತು.

"ಸಿಸ್ಟರ್, ಪೆಟ್ಟಿಗೆ ತೆರೆದಾಗ ಚೀಲಗಳು ಹೇಗಿದ್ವು? ಮೆತ್ತಗಾಗಿದ್ವಾ?"

"ಮೆತ್ತಗಾ? ಇಟ್ಟಿಗೆ ಮೇಡಂ! ಒಂದಕ್ಕೊಂದು ತಾಗಿದ್ರೆ ಟಕ್ ಅಂತಿತ್ತು."

"ಚೀಲ ಕರಗಿಸಿದ ನೀರು ಎಷ್ಟು ಬಿಸಿಯಿತ್ತು?"

"ಮೈ ಬಿಸಿಯಷ್ಟೇ. ಥರ್ಮಾಮೀಟರ್ ನೋಡದೆ ನಾನು ಚೀಲ ಇಳಿಸಲ್ಲ. ನೀರು ಕಾದಿದ್ರೆ ಪ್ಲಾಸ್ಮಾ ಬೆಂದು ಎಳೆ ಎಳೆ ಆಗ್ತಿತ್ತು. ತಿಳಿಯಾಗಿ, ಜೇನಿನ ಬಣ್ಣಕ್ಕಿತ್ತು. ಡಾಕ್ಟರ್ ಕೂಡ ನೋಡಿದ್ರು."

"ಎಲ್ಲಾ ಹಾಕಿದ್ರಾ?"

"ಒಂದು ಉಳೀತು. ಅದನ್ನ ಕರಗಿಸೋಕೆ ಇಡೋ ಮೊದಲೇ ಅವಳು…" ನರ್ಸ್ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದಳು. "ಇಲ್ಲೇ ಫ್ರೀಜರಲ್ಲಿದೆ."

ಉಳಿದ ಚೀಲವನ್ನು ತನಿಖಾಧಿಕಾರಿ ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ತಂದಳು. ಹಳದಿಯ ಗಟ್ಟಿ ಹಲಗೆ. ಚಪ್ಪಟೆ, ನುಣುಪು. ಹೆಬ್ಬೆರಳಿನಿಂದ ಒಂದು ಅಂಚು ಸವರಿದಳು. ಇನ್ನೊಂದು ಅಂಚು ಸವರಿದಳು. ಮತ್ತೆ ಮೊದಲಿನಿಂದ.

"ಏನಿದೆ ಮೇಡಂ?" ಸಬ್ ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ.

"ಏನೂ ಇಲ್ಲ," ಎಂದಳು. ಅವಳ ಮುಖದ ಬಣ್ಣ ಇಳಿದಿತ್ತು. "ರಕ್ತನಿಧಿಗೆ ಹೋಗೋಣ."

ರಕ್ತನಿಧಿ ಊರಿನ ಆಚೆ ತುದಿಯಲ್ಲಿ, ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲು ಇಳಿಯುವಾಗ ಅವಳು ಎರಡು ಸಲ ನಿಂತಳು. ಮೊಣಕಾಲಿನ ನೋವು ಎಂದುಕೊಂಡ ಸಬ್ ಇನ್ಸ್‌ಪೆಕ್ಟರ್. ನಿಜಕ್ಕೂ ಅವಳಿಗೆ ಕೆಳಗೆ ಹೋಗುವ ಮನಸ್ಸಿರಲಿಲ್ಲ. ಇದೇ ಮೆಟ್ಟಿಲು ಇಳಿದು ಅವಳು ಕೆಲಸ ಕಲಿತಿದ್ದಳು. ಕಲಿಸಿದವರು ಇನ್ನೂ ಅಲ್ಲೇ ಇದ್ದರು — ರಕ್ತನಿಧಿಯ ಮುಖ್ಯಸ್ಥರು. ಡಾಕ್ಟರಾದರೂ ಎಲ್ಲರ ಬಾಯಲ್ಲಿ ಮೇಷ್ಟ್ರು.

"ಬಾಮ್ಮ," ಎಂದರು ಮೇಷ್ಟ್ರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಇಂಥ ಕೆಲಸಕ್ಕೆ ನೀನು ಬರಬೇಕಾಯ್ತಲ್ಲ."

"ಮೊದಲು ಫ್ರೀಜರ್ ನೋಡ್ತೀನಿ ಮೇಷ್ಟ್ರೇ. ನೀವು ಇಲ್ಲೇ ಇರಿ."

ಒಳಗೆ ಟೆಕ್ನಿಷಿಯನ್ ಬೀಗ ತೆಗೆದ. ಮದುವೆಯ ವಯಸ್ಸಿನ ಮಗಳಿದ್ದ, ಸ್ವಲ್ಪ ಬೊಜ್ಜು ಬಂದ, ಗಂಭೀರ ಮನುಷ್ಯ. ಬಿಳಿಯ ಹಬೆ ನೆಲಕ್ಕಿಳಿಯಿತು. ಮೇಲಿನ ತಟ್ಟೆಯಲ್ಲಿ ನಾಲ್ಕಾರು ಚೀಲ, ನಡು ಬಿಗಿದ ಹಾಗೆ ಎರಡೂ ಬದಿ ಒಳಕ್ಕೆ ತಗ್ಗಿದ್ದವು. ಕೆಳಗಿನ ತಟ್ಟೆಗಳಲ್ಲಿ, ಖಾಲಿ ಬಿದ್ದ ಒಂದು ಸಾಲು ಬಿಟ್ಟರೆ, ನುಣುಪು ಹಲಗೆಗಳು. ಬಾಗಿಲ ಹಿಡಿಯಿಂದ ಒಂದು ಹಿಡಿ ರಬ್ಬರ್ ಬ್ಯಾಂಡ್ ಜೋತಾಡುತ್ತಿತ್ತು.

"ಇವು ಯಾಕೆ?"

"ಹೊಸ ಪ್ಲಾಸ್ಮಾ ಇಡುವಾಗ ಚೀಲದ ನಡುವಿಗೆ ಒಂದೊಂದು ಹಾಕ್ತೀನಿ ಮೇಡಂ. ಗಟ್ಟಿಯಾದ್ಮೇಲೆ ತೆಗೀತೀನಿ."

"ಯಾಕೆ ಹಾಕ್ತೀರಿ?"

ಟೆಕ್ನಿಷಿಯನ್ ತಡವರಿಸಿದ. "ಮೇಷ್ಟ್ರು ಹೇಳಿದ್ದು. ಜಾರದ ಹಾಗೆ ಜೋಡಿಸೋಕೆ ಅಂದ್ಕೊಂಡಿದೀನಿ. ಕೇಳಿಲ್ಲ. ಕೈಗೆ ರೂಢಿಯಾಗಿದೆ."

"ಒಂದಕ್ಕಾದ್ರೂ ಮರೆತಿದ್ದುಂಟಾ?"

"ನಿದ್ದೆಗಣ್ಣಲ್ಲೂ ಮರೆಯಲ್ಲ."

"ಮೇಲಿನ ತಟ್ಟೆಯವು ಯಾವಾಗಿನವು?"

"ರಜೆ ಮುಗಿಸಿ ಬಂದ್ಮೇಲೆ ಮಾಡಿದ್ದು. ಕೆಳಗಿನವೆಲ್ಲ ಹಳೇವು. ರಜೇಲಿ ಅಕ್ಕನ ಮನೆಗೆ ಹೋಗಿದ್ದೆ. ಬಂದಾಗ ಎಲ್ಲಾ ಸರಿಯಾಗೇ ಇತ್ತು."

"ಬೀಗದ ಕೈ?"

"ನನ್ನ ಹತ್ರ ಒಂದು. ಇನ್ನೊಂದು…" ಟೆಕ್ನಿಷಿಯನ್ ಮೇಷ್ಟ್ರ ಕೋಣೆಯ ಕಡೆ ನೋಡಿದ.

ಮೇಷ್ಟ್ರ ಕೋಣೆಯಲ್ಲಿ ನಾಲ್ವರೂ ಕೂತರು. ಮೇಜಿನ ಮೇಲೆ ಅವಳು ಎರಡು ಚೀಲ ಇಟ್ಟಳು. ಒಂದಕ್ಕೆ ಸೊಂಟದ ಹಾಗೆ ಬಿಗಿದ ನಡುವಿತ್ತು. ಇನ್ನೊಂದಕ್ಕಿರಲಿಲ್ಲ.

"ಡ್ರೈವರ್ ಅಲ್ಲ," ಎಂದಳು ಸಬ್ ಇನ್ಸ್‌ಪೆಕ್ಟರಿಗೆ. "ದಾರೀಲಿ ಕರಗಿದ್ರೆ ಚೀಲ ಮೆತ್ತಗೆ ತಲುಪ್ತಿತ್ತು. ಅವನ ಪೆಟ್ಟಿಗೇಲಿ ಮತ್ತೆ ಕಲ್ಲಾಗೋಕೆ ಸಾಧ್ಯ ಇಲ್ಲ. ನರ್ಸೂ ಅಲ್ಲ. ಅವರು ಬೇಯಿಸಿದ್ರೆ ಎಳೆ ಕಾಣ್ತಿತ್ತು. ಸರ್ಜನ್ ಕೈಯೂ ಸರಿಯಾಗೇ ಇತ್ತು. ಪ್ಲಾಸ್ಮಾ ಇಲ್ಲಿಂದ ಹೊರಡೋ ಮೊದಲೇ ಸತ್ತಿತ್ತು."

"ಸತ್ತಿತ್ತು ಅಂದ್ರೆ?"

"ರಕ್ತ ಹೆಪ್ಪುಗಟ್ಟಿಸೋ ಶಕ್ತಿ ಇದರಲ್ಲಿರೋದು. ಮಂಜುಗಡ್ಡೆ ಹಾಗೆ ಗಟ್ಟಿಯಾಗಿದ್ರೆ ಮಾತ್ರ ಅದು ಉಳಿಯತ್ತೆ. ಕರಗಿ ಸೆಕೆಯಲ್ಲಿ ಬಿದ್ದಿದ್ರೆ ಸೋರಿಹೋಗತ್ತೆ. ಮತ್ತೆ ಗಟ್ಟಿ ಮಾಡಿದ್ರೆ ನೋಟಕ್ಕೆ ಅದೇ ಚೀಲ. ಒಳಗೆ ಏನೂ ಇರಲ್ಲ."

"ಕರಗಿತ್ತು ಅಂತ ಹೇಗೆ ಹೇಳ್ತೀರಿ?"

"ರಬ್ಬರ್ ಬ್ಯಾಂಡ್. ಅದು ಜೋಡಿಸೋಕಲ್ಲ. ಬಿಗಿದು ಗಟ್ಟಿ ಮಾಡಿದ್ರೆ ಚೀಲಕ್ಕೆ ನಡು ಬರತ್ತೆ. ಬ್ಯಾಂಡ್ ತೆಗೆದ್ರೂ ನಡು ಉಳಿಯತ್ತೆ, ಕರಗೋವರೆಗೂ. ಒಂದ್ಸಲ ಕರಗಿದ್ರೆ ನಡು ಮಾಯ. ಮತ್ತೆ ಎಷ್ಟೇ ಗಟ್ಟಿ ಮಾಡಿ, ಹಲಗೇನೇ. ಎಲ್ಲರೂ ಚೀಲದ ಚೀಟಿ ನೋಡಿದ್ರು, ಬಣ್ಣ ನೋಡಿದ್ರು. ಆಕಾರ ಯಾರೂ ನೋಡ್ಲಿಲ್ಲ."

ಸಬ್ ಇನ್ಸ್‌ಪೆಕ್ಟರ್ ಟೆಕ್ನಿಷಿಯನ್ ಕಡೆ ತಿರುಗಿದ. ಟೆಕ್ನಿಷಿಯನ್ ಹಣೆಯ ಬೆವರು ಒರೆಸಿಕೊಂಡ.

"ಇವರಲ್ಲ," ಎಂದಳು. "ಇವರ ಕೈ ಬ್ಯಾಂಡ್ ಹಾಕದೆ ಚೀಲ ಇಡಲ್ಲ. ಕರಗಿದ್ದನ್ನ ಇವರು ಮತ್ತೆ ಇಟ್ಟಿದ್ರೆ ಎಲ್ಲಕ್ಕೂ ನಡು ಇರ್ತಿತ್ತು. ನಮಗೆ ಗೊತ್ತೇ ಆಗ್ತಿರಲಿಲ್ಲ." ಅವಳು ಮೇಷ್ಟ್ರ ಕಡೆ ತಿರುಗಿದಳು. "ಇನ್ನೊಂದು ಬೀಗದ ಕೈ ನಿಮ್ಮ ಹತ್ರ ಇದೆ ಮೇಷ್ಟ್ರೇ. ರಜೇಲಿ ಬಂದಿದ್ದು ನೀವು."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕರೆಂಟಿನ ಸ್ವಿಚ್ ತಾನಾಗೇ ಆಫ್ ಆಗಿಹೋಗಿತ್ತು," ಎಂದರು. "ಅಲಾರಂ ಖಾಲಿ ಕೋಣೇಲಿ ಬಡ್ಕೊಂಡು ಬಡ್ಕೊಂಡು ಬ್ಯಾಟರಿ ಮುಗಿದಿತ್ತು. ಫ್ರೀಜರ್ ತೆಗೆದ್ರೆ ಎಲ್ಲಾ ನೀರು. ಒಂದೊಂದು ಚೀಲಾನೂ ಊರೂರು ಅಲೆದು, ಜನರ ಕೈಕಾಲು ಹಿಡಿದು ತಂದಿದ್ದಮ್ಮ. ಸೂಜಿ ಅಂದ್ರೆ ಹೆದರೋರು ಕಣ್ಣು ಮುಚ್ಕೊಂಡು ಕೊಟ್ಟಿದ್ದು. ಮೋರಿಗೆ ಸುರಿಯೋಕೆ ಕೈ ಬರಲಿಲ್ಲ. ಈಗಷ್ಟೇ ಕರಗಿರಬಹುದು ಅಂದ್ಕೊಂಡು ಮತ್ತೆ ಗಟ್ಟಿ ಮಾಡಿದೆ."

"ಎಷ್ಟು ಹೊತ್ತು ಕರಗಿತ್ತೋ ಗೊತ್ತಿಲ್ಲ ಅಂದ್ರೆ ಎಸೀಬೇಕು. ಇದೇ ಕೋಣೇಲಿ ನಮಗೆ ಹೇಳಿಕೊಟ್ಟಿದ್ದು ನೀವೇ."

"ಹೌದು."

"ಮುಚ್ಚಿಡೋ ಹಾಗಿದ್ರೆ ಬ್ಯಾಂಡ್ ಹಾಕಬಹುದಿತ್ತಲ್ಲ ಸಾರ್?" ಸಬ್ ಇನ್ಸ್‌ಪೆಕ್ಟರಿಗೆ ಅದು ಬಗೆಹರಿಯಲಿಲ್ಲ.

"ಹಾಕೋಕೆ ಕೈಗೆ ತಗೊಂಡೆ," ಎಂದರು ಮೇಷ್ಟ್ರು. "ಹಾಕಿದ್ರೆ ಮೋಸ ಆಗತ್ತೆ ಅನ್ನಿಸ್ತು. ಹಾಗೇ ಬಿಟ್ಟೆ. ಯಾರಾದ್ರೂ ನೋಡಿ ಹಿಡಿದ್ರೆ ಹಿಡೀಲಿ ಅಂತ. ಯಾರೂ ನೋಡ್ಲಿಲ್ಲ."

"ನೋಡ್ದೆ ಇದ್ದಿದ್ದಕ್ಕೆ ಒಬ್ಬಳು ಸತ್ತಳು," ಎಂದಳು ಅವಳು. ಆ ಮಾತಿಗೆ ಮೇಷ್ಟ್ರ ಹೆಗಲು ಇಳಿಯಿತು.

ಒಮ್ಮೆಲೇ ಅವಳು ಫ್ರೀಜರಿನ ಕಡೆ ತಿರುಗಿದಳು. "ಕೆಳಗಿನ ತಟ್ಟೇಲಿ ಒಂದು ಸಾಲು ಖಾಲಿ ಇದೆ. ಹೆರಿಗೆ ಆಸ್ಪತ್ರೆಗೆ ಹೋಗಿದ್ದು ಅಷ್ಟೂ ಅಲ್ಲ. ಉಳಿದಿದ್ದು ಎಲ್ಲಿ?"

ಹೇಳಿದವನು ಟೆಕ್ನಿಷಿಯನ್ — "ಮಕ್ಕಳ ಆಸ್ಪತ್ರೆಗೆ, ಮೇಡಂ. ಸುಟ್ಟಗಾಯದ ವಾರ್ಡಿಗೆ. ನಿನ್ನೆ ನಾನೇ ಕಳಿಸಿದೆ."

"ಮೇಷ್ಟ್ರೇ! ಅವಳು ಸತ್ತ ಸುದ್ದಿ ಬಂದ ಮೇಲಾದ್ರೂ ಅವರಿಗೆ ಒಂದು ಫೋನ್?"

"ಮಾಡಿದ್ರೆ ನನ್ನ ತಪ್ಪು…" ಎಂದರು ಮೇಷ್ಟ್ರು. ಅಲ್ಲಿಗೆ ನಿಲ್ಲಿಸಿದರು. ಮುಂದಿನದು ಎಲ್ಲರಿಗೂ ಕೇಳಿಸಿತು.

ಅವಳು ಮೇಜಿನ ಮೇಲಿನ ಫೋನ್ ಎಳೆದುಕೊಂಡಳು. ವಾರ್ಡಿನ ನರ್ಸ್ ಸಿಕ್ಕಳು.

"ನಿನ್ನೆ ಬಂದ ಪ್ಲಾಸ್ಮಾ ಯಾರಿಗಾದ್ರೂ ಹಾಕಿದ್ರಾ?… ಒಂದು ಹಾಕಿ ಆಯ್ತಾ? ಉಳಿದಿದ್ದನ್ನ ಈಗಲೇ ತೆಗೆದು ಬೇರೆ ಇಡಿ. ಹಾಕಿಸಿಕೊಂಡ ಮಗೂಗೆ ಚಳಿ ಜ್ವರ ಇದೆಯಾ? ಬ್ಯಾಂಡೇಜಿಂದ ರಕ್ತ ಒಸರ್ತಿದೆಯಾ?"

"ಬ್ಯಾಂಡೇಜ್ ಒಣಗೇ ಇದೆ ಮೇಡಂ. ಜ್ವರ ಇಲ್ಲ. ಮಲಗಿದಾನೆ."

"ಮಲಗಿದಾನೋ, ಎಚ್ಚರ ತಪ್ಪಿದಾನೋ? ಎಬ್ಬಿಸಿ ನೋಡಿ."

"ಈಗಷ್ಟೇ ನಿದ್ದೆ ಹತ್ತಿದೆ…"

"ಎಬ್ಬಿಸೀಮ್ಮ!"

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಚಪ್ಪಲಿಯ ಸಪ್ಪಳ ದೂರ ಹೋಯಿತು. ಆಮೇಲೆ ಏನೂ ಇಲ್ಲ. ಟೆಕ್ನಿಷಿಯನ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಿದ್ದಳು.

ದೂರದಿಂದ ಒಂದು ಕಿರುಚು ಬಂತು. ಆಮೇಲೆ ಇನ್ನೊಂದು. ಅದು ನೋವಿನ, ಸಿಟ್ಟಿನ, ಜೀವ ತುಂಬಿದ ಅಳು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಜೋರು.

"ಎಬ್ಬಿಸಿದ್ದಕ್ಕೆ ಬೈತಿದಾನೆ ಮೇಡಂ," ಎಂದಳು ನರ್ಸ್, ಏದುಸಿರು ಬಿಡುತ್ತ. "ಅಮ್ಮ ಬೇಕಂತೆ."

"ಅಮ್ಮನ್ನ ಕರೀರಿ. ಡಾಕ್ಟರನ್ನೂ ಕರೀರಿ. ನಾವು ಹೊರಟು ಬರ್ತಿದೀವಿ. ಫೋನ್ ಇಡಬೇಡಿ."

ರಿಸೀವರನ್ನು ಅವಳು ಮೇಜಿನ ಆಚೆ ಬದಿಗೆ ಚಾಚಿದಳು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿವಿಗೆ ಹಿಡಿದರು. ಸಬ್ ಇನ್ಸ್‌ಪೆಕ್ಟರ್ ಎದ್ದು ಅವರ ಪಕ್ಕ ಬಂದು ನಿಂತ. ಠಾಣೆಗೆ ಕರೆದೊಯ್ಯಲು ಹೆಗಲ ಮೇಲೆ ಕೈ ಇಡಹೋಗಿ, ತಡೆದುಕೊಂಡ. ಆ ಕಡೆ ಮಗು ಅಳು ನಿಲ್ಲಿಸುವವರೆಗೂ ಕಾದ.