ಒಡೆದ ಬಾಟಲಿಯ ಎಲೆಸಾರ

ನನ್ನ ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋಗಿ, ಮನೆಯಲ್ಲಿ ಮಾವ ಮತ್ತು ನಾನು ಇಬ್ಬರೇ ಉಳಿದ ಮೊದಲ ಬೆಳಗು. ಹಾಲು ಉಕ್ಕಿತು. ಒರೆಸಿದೆ. ಬಾಗಿಲು ಬಡಿದ ಸದ್ದಾಯಿತು.

ನನ್ನ ಗಂಡ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಅಣ್ಣ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ.

"ಸಾರ್ ಮೇಜಿನ ಸಾಮಾನು, ಅಮ್ಮ. ಜೊತೆಗೆ ಈ ಕಾಗದ. ಸಂಜೆಯೊಳಗೆ ಸಹಿ ಹಾಕಿಸ್ಕೊಂಡು ಬಾ ಅಂದ್ರು ಮೇಡಂ."

ಮೇಡಂ ಎಂದರೆ ನನ್ನ ಗಂಡನ ಮಾರ್ಗದರ್ಶಕಿ. ಕಾಗದ ಓದಿದೆ. ನನ್ನ ಗಂಡ ನಾಲ್ಕು ವರ್ಷ ಒಂದೇ ಔಷಧಿ ಎಲೆಯ ಬೆನ್ನು ಹತ್ತಿದ್ದರು. ಕುದಿಸಿದರೆ ಅದರ ಸತ್ವ ಕೆಡುತ್ತದೆ; ಆಲ್ಕೋಹಾಲ್ ಬೆರೆಸಿದ ನೀರಿನಲ್ಲಿ, ಹದವಾದ ಶಾಖದಲ್ಲಿ ನೆನೆಸಿಟ್ಟರೆ ಮೂರು ಪಟ್ಟು ಆಂಟಿಆಕ್ಸಿಡೆಂಟ್ ಸಿಗುತ್ತದೆ ಎಂಬುದು ಅವರ ಪ್ರಬಂಧ. ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ, ಉಳಿದಿದ್ದ ಮೂರು ಬಾಟಲಿಗಳ ಸಾರವನ್ನು ಮತ್ತೆ ಪರೀಕ್ಷಿಸಿದರಂತೆ. ಹೇಳಿದ್ದರಲ್ಲಿ ಮೂರನೇ ಒಂದು ಪಾಲೂ ಬರಲಿಲ್ಲವಂತೆ. ಅಂಕಿಗಳು ಕಟ್ಟುಕತೆ ಎಂದು ಹೆಂಡತಿಯಾದ ನಾನು ಒಪ್ಪಬೇಕು. ಒಪ್ಪಿದರೆ ಅಚ್ಚಾದ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಾರೆ.

"ನನ್ನ ಮಗ ಸುಳ್ಳು ಬರೆದನಾ?" ಮಾವ ಕೇಳಿದರು.

"ನಾನೂ ಅದೇ ವಿಷಯ ಓದಿದವಳು, ಮಾವ. ಅವರು ಒಂದೊಂದು ಅಂಕಿಗೂ ಮೂರು ಸಲ ತೂಗ್ತಿದ್ರು."

ಪೆಟ್ಟಿಗೆಯಲ್ಲಿ ಕಾಗದ ಸುತ್ತಿದ ಒಂದು ಗಾಜಿನ ಬಾಟಲಿ. ಕುತ್ತಿಗೆಯಿಂದ ತಳದವರೆಗೆ ಉದ್ದಕ್ಕೆ ಸೀಳಿತ್ತು.

"ಇದನ್ನ ಯಾಕೆ ತಂದೆ?" ಮಾವ ಅವನನ್ನು ಕೇಳಿದರು.

ಸ್ಟೋರ್ ಅಣ್ಣ ತಲೆ ತುರಿಸಿಕೊಂಡ. "ಕಸದ ಬುಟ್ಟೀಲಿತ್ತು. ಕೈಜಾರಿ ನೆಲಕ್ಕೆ ಬಿತ್ತು ಅಂದ್ರು ಮೇಡಂ. ಚೀಟಿ ಮೇಲೆ ಸಾರ್ ಅಕ್ಷರ ನೋಡಿ ಎಸೆಯೋಕೆ ಮನಸ್ಸು ಬರ್ಲಿಲ್ಲ."

ಮೂವತ್ತೊಂದು ವರ್ಷ ಐಸ್ ಕಾರ್ಖಾನೆಯಲ್ಲಿ ದುಡಿದ ಮಾವ ಆ ಸೀಳಿನ ಮೇಲೆ ಬೆರಳಾಡಿಸಿದರು.

"ಚಪ್ಪಲಿ ಹಾಕ್ಕೋ, ಮಗಳೇ."

ಸೀಳಿದ ಬಾಟಲಿ ಹಿಡಿದು, ಸ್ಟೋರ್ ಅಣ್ಣನ ಜೊತೆ ಪ್ರಯೋಗಾಲಯಕ್ಕೆ ಹೋದೆವು. ಅಲ್ಲಿ ಮೊದಲು ಸಿಕ್ಕಿದ್ದು ನನ್ನ ಗಂಡನ ಸಹೋದ್ಯೋಗಿ. ದಪ್ಪ ಕನ್ನಡಕದಿಂದಾಗಿ ಎಲ್ಲರಿಗೂ ಸೋಡಾಗ್ಲಾಸ್.

"ಎಲೆ ಕುದಿಸಿ ಸಾರ ತೆಗೆಯೋನು ನೀನೇ ಅಲ್ವೇನಪ್ಪಾ?" ಮಾವ ಕೇಳಿದರು.

"ಹೌದು ಯಜಮಾನ್ರೇ. ನನ್ನ ಮೇಜಿಗೆ ಕಷಾಯದ ಅಂಗಡಿ ಅಂತಾನೇ ಹೆಸರು."

"ನನ್ನ ಮಗನ ಅಂಕಿ ಸುಳ್ಳಾದ್ರೆ ನಿನ್ನ ಅಂಗಡಿ ಚೆನ್ನಾಗಿ ನಡೆಯತ್ತೆ, ಅಲ್ವಾ?"

ಆತನ ಮುಖ ಕಪ್ಪಿಟ್ಟಿತು. "ನಡೆಯತ್ತೆ. ಆದ್ರೆ—"

"ಆದ್ರೆ?"

"ಅವನು ಹೋದ ಮರುದಿನ ನನ್ನದೊಂದು ಜಾಡಿ ಸಾರ ಕಾಣೆಯಾಯ್ತು. ಸಾವಿನ ಗಲಾಟೆ ಮಧ್ಯೆ ಜಾಡಿ ಪಂಚಾಯ್ತಿ ಯಾಕೆ ಅಂತ ಸುಮ್ಮನಾದೆ."

ನಾನು ಆತನನ್ನೇ ನೋಡಿದೆ. ನಿಜವೋ? ಮೊದಲೇ ಹೊಸೆದಿಟ್ಟ ಮಾತೋ?

"ಸಾರದ ಬಾಟಲಿ ಇಡೋ ಡೀಪ್ ಫ್ರೀಜರ್ ಕೀಲಿ ಯಾರ ಹತ್ರ?" ನಾನು ಕೇಳಿದೆ.

"ಎರಡೇ. ಒಂದು ಮೇಡಂ ಹತ್ರ. ಇನ್ನೊಂದು—" ಆತ ಸ್ಟೋರ್ ಅಣ್ಣನ ಕಡೆ ತಿರುಗಿದ. "ಬೇಕಾದಾಗ ನಾವು ಇವನನ್ನೇ ಕೇಳಬೇಕು."

"ನನ್ನ ಯಾಕೆ ಹಂಗೆ ನೋಡ್ತೀರಿ? ನಾನು ಬೀಗ ತೆಗೆಯೋನು, ಅಷ್ಟೇ!"

"ಹಾಗಾದ್ರೆ ತೆಗಿ," ಎಂದರು ಮಾವ.

ಮುಂದಿನ ಸಾಲಿನಲ್ಲಿ ಸೋಡಾಗ್ಲಾಸ್‌ನ ಪ್ಲಾಸ್ಟಿಕ್ ಬಾಟಲಿಗಳು. ಪ್ರತಿಯೊಂದರಲ್ಲೂ ಮೇಲಿನ ಕಾಲು ಭಾಗ ಖಾಲಿ. ಹಿಂದೆ ನನ್ನ ಗಂಡನ ಎರಡು ಗಾಜಿನ ಬಾಟಲಿ, ಕುತ್ತಿಗೆಯವರೆಗೆ ತುಂಬಿದ್ದವು. ಒಂದರ ಮೈಮೇಲೆ ಕೂದಲೆಳೆಯಷ್ಟು ಬಿರುಕು. ಮಾವ ಇನ್ನೊಂದನ್ನು ತಲೆಕೆಳಗು ಮಾಡಿದರು. ಒಳಗೆ ಏನೂ ಅಲ್ಲಾಡಲಿಲ್ಲ.

"ಕಲ್ಲಾಗಿದೆ. ಅವನ ಸಾರ ಹೀಗೆ ಕಲ್ಲಾಗ್ತಿತ್ತಾ ಮಗಳೇ?"

"ಇಲ್ಲ ಮಾವ." ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ನೂರಕ್ಕೆ ಎಪ್ಪತ್ತು ಪಾಲು ಆಲ್ಕೋಹಾಲ್. ಈ ಫ್ರೀಜರ್‌ನಲ್ಲಿ ಅದು ಗಟ್ಟಿಯಾಗೋದೇ ಇಲ್ಲ. ಇದು ಬರೀ ನೀರಲ್ಲಿ ಕುದಿಸಿದ್ದು."

ಸೋಡಾಗ್ಲಾಸ್ ಗೋಡೆಗೆ ಒರಗಿದ. "ನನ್ನ ಜಾಡಿ..."

ಅಷ್ಟರಲ್ಲಿ ಮೇಡಂ ಒಳಗೆ ಬಂದರು. "ಯಾರನ್ನ ಕೇಳಿ ತೆಗೆದ್ರಿ ಇದನ್ನ?"

"ನಿಮ್ಮನ್ನೇ ಒಂದು ಮಾತು ಕೇಳೋಣ ಅಂತ ಬಂದ್ವಿ," ಎಂದರು ಮಾವ. "ಆ ಮೂರನೇ ಬಾಟಲಿ ಹೇಗೆ ಒಡೀತು?"

"ಹೇಳಿದೀನಲ್ಲ. ಕೈಜಾರಿ ಬಿತ್ತು."

ಮಾವ ಸೀಳಿದ ಬಾಟಲಿಯನ್ನು ಮೇಜಿನ ಮೇಲಿಟ್ಟರು. "ನೆಲಕ್ಕೆ ಬಿದ್ದ ಗಾಜು ಚೂರುಚೂರಾಗತ್ತೆ, ತಾಯಿ. ಇದರ ಒಂದು ಚೂರೂ ಕಳೆದಿಲ್ಲ. ನೀರು ಹೆಪ್ಪುಗಟ್ಟಿ ಹಿಗ್ಗಿ, ಒಳಗಿಂದ ಸೀಳಿದೆ. ಇಂಥವು ಸಾವಿರ ನೋಡಿದೀನಿ. ಈ ಹುಡುಗ ದಿನಾ ನೀರಿನ ಸಾರ ಇಡೋನು. ಹಿಗ್ಗೋಕೆ ಜಾಗ ಬಿಡ್ತಾನೆ. ಕುತ್ತಿಗೆವರೆಗೂ ತುಂಬೋ ತಪ್ಪು ಅವನಿಂದಾಗಲ್ಲ. ಸ್ಟೋರ್ ಅಣ್ಣ ತಪ್ಪು ಮಾಡಿದ್ರೆ ಈ ಬಾಟಲೀನ ನಮ್ಮ ಮನೆ ಬಾಗಿಲಿಗೆ ಹೊತ್ತು ತರ್ತಿದ್ನಾ? ನೀವು ಬಾಟಲಿ ಮುಟ್ಟಿ ವರ್ಷಗಳಾಗಿರಬೇಕು. ನನ್ನ ಮಗ ತುಂಬಿದ್ದ ಮಟ್ಟಕ್ಕೇ ಸರಿಯಾಗಿ ತುಂಬಿದ್ರಿ. ಸೀಳಿದ್ದು ನೋಡಿ ಬಿತ್ತು ಅಂತ ಕತೆ ಕಟ್ಟಿದ್ರಿ."

ಫ್ರೀಜರ್ ಗುಂಯ್‌ಗುಟ್ಟುತ್ತಿತ್ತು.

"ಮರುಪರೀಕ್ಷೆಗೆ ಸಾರ ಕೊಟ್ಟವರು ಯಾರು, ಮೇಡಂ?" ನಾನು ಕೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕುಳಿತರು. "ನಾನೇ. ಇಪ್ಪತ್ತು ವರ್ಷದಿಂದ ಕುದಿಸಿ ಅಂತ ಪಾಠ ಹೇಳಿದೀನಿ. ಪುಸ್ತಕ ಬರೆದಿದೀನಿ. ಅವನು ಇದ್ದಾಗ ವಾದ ಮಾಡಿ ಸೋತೆ. ಹೋದ ಮೇಲೆ ಯಾರು ವಾದಿಸ್ತಾರೆ ಅಂದ್ಕೊಂಡೆ."

ಕಾಗದವನ್ನು ಅವರ ಮುಂದಿಟ್ಟೆ. "ಇದರ ಹಿಂಬದೀಲಿ ಈಗ ಹೇಳಿದ್ದನ್ನೇ ಬರೀರಿ. ಸಹಿ ನಿಮ್ಮದು."

ಬರೆದರು. ನನಗೆ ಮರುಕವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಅಸಲಿ ಸಾರ ಆಗಲೇ ಮೋರಿ ಸೇರಿತ್ತು. ಒಣಗಿದ ಎಲೆ ಮಾತ್ರ ಒಂದು ಚೀಲ ಉಳಿದಿತ್ತು.

"ಅವನ ಕ್ರಮದಲ್ಲೇ ನಾನು ಮತ್ತೆ ತೆಗೀತೀನಿ," ಎಂದ ಸೋಡಾಗ್ಲಾಸ್. "ಅಂಕಿ ಅವನ ಹೆಸರಲ್ಲೇ ಹೋಗತ್ತೆ."

ನನ್ನ ಕೈಚೀಲದಲ್ಲಿ ಒಂದು ಥರ್ಮಾಮೀಟರ್ ಇತ್ತು. ಹೊರಡುವಾಗ ಪೆಟ್ಟಿಗೆಯ ತಳದಿಂದ ಎತ್ತಿಕೊಂಡಿದ್ದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ನನ್ನ ಗಂಡನ ಅಕ್ಷರ: 'ಸೋಡಾನದು. ವಾಪಸ್ ಕೊಡಬೇಕು.'

ಆತನಿಗೆ ಕೊಟ್ಟೆ.

"ಎರಡು ವರ್ಷ ಆಯ್ತು ಒಯ್ದು," ಎಂದ. "ದಿನಾ ಬೈತಿದ್ದೆ ಅವನನ್ನ."

ಚೀಟಿ ಕೀಳದೆ ಹಾಗೇ ಜೇಬಿಗಿಟ್ಟುಕೊಂಡ.