ತಾಯಿ ಪದರು

"ಇನ್ನೊಂದ್ ಹೆಜ್ಜಿ ಇಟ್ರಂದ್ರ ನೋಡ್ರಿ ಮತ್ತ!"

ಲಾಲಪ್ಪ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. ಮುಳ್ಳುಕಂಟಿಯ ಹಿಂದಿನಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಎದ್ದು ಬಂದಳು. ಕೊರಳಲ್ಲಿ ದುರ್ಬೀನು ಜೋತಾಡುತ್ತಿತ್ತು. ಕಲ್ಲು ಕದಿಯಲು ಬಂದವನೆಂದು ಅವಳು ತಿಳಿದಿದ್ದಳು. ತಲೆ ಕೆಟ್ಟವಳೆಂದು ಇವನು ತಿಳಿದ.

"ಏನದರಿ ಕೆಳಗ? ಹಾವೇನು?"

"ತತ್ತಿ."

ಬಗ್ಗಿ ನೋಡಿದ, ಬರೀ ಹರಳು. ಇನ್ನಷ್ಟು ಬಗ್ಗಿದ. ಹರಳಿನ ನಡುವೆ ಹರಳಿನದೇ ಬಣ್ಣದ ನಾಲ್ಕು ಟಿಟ್ಟಿಭದ ಮೊಟ್ಟೆಗಳಿದ್ದವು. ಇಪ್ಪತ್ತು ವರ್ಷ ಕಲ್ಲಿನ ಜೊತೆ ಬಾಳಿದವನಿಗೆ ಕಲ್ಲು ಯಾವುದು, ತತ್ತಿ ಯಾವುದು ಎಂದು ಹೆಂಗಸೊಬ್ಬಳು ಹೇಳಿಕೊಡಬೇಕಾಯಿತಲ್ಲ! ಅವನ ಮುಖ ನೋಡಿ ಅವಳಿಗೆ ನಗು ಬಂತು. ಆ ನಗು ಮೂರು ದಿನ ಅವನ ಕಿವಿ ಬಿಟ್ಟು ಹೋಗಲಿಲ್ಲ.

ಅವಳು ದ್ರೌಪದಿ. ವಾಡಿಯ ರೈಲ್ವೆ ಗ್ಯಾಂಗ್‌ಮನ್ನನ ಮಗಳು. ಶಹಾಬಾದಿನಿಂದ ಭಂಕೂರಿಗೆ ಹೋಗುವ ದಾರಿಯಲ್ಲಿ ವಿಶ್ವವಿದ್ಯಾಲಯದ ಕೇಂದ್ರವೊಂದು ತೆರೆದಾಗಿನಿಂದ ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಕೇಂದ್ರದ ಹಿಂದೆ ನಲವತ್ತು ಎಕರೆ ಜಾಲಿ, ಬೇವು, ಮುತ್ತುಗ. ನಡುವೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿ, ಅದರಲ್ಲಿ ಮಳೆನೀರು. ನೀರಿಗೆ ಹಕ್ಕಿಗಳು ಬರುತ್ತಿದ್ದವು. ಈ ಜಾಗವನ್ನು ಇದ್ದ ಹಾಗೇ ಬಿಡಿ, ಇದೇ ನನ್ನ ಹುಡುಗರ ಪಾಠಶಾಲೆ ಎಂದು ಐದು ವರ್ಷ ಪತ್ರ ಬರೆದಿದ್ದಳು. ಜೊತೆಯ ಮಾಸ್ತರರು ಅವಳಿಗೆ ಮುಳ್ಳುಕಂಟಿ ಮೇಡಂ ಎಂದು ಹೆಸರಿಟ್ಟಿದ್ದರು.

ಕೊನೆಗೆ ೧೯೮೧ರಲ್ಲಿ ಉತ್ತರ ಬಂತು. ಶ್ರಾವಣದಲ್ಲಿ ಒಂದು ಸಮಿತಿ ಬರುತ್ತದೆ. ನೀರು, ಹಕ್ಕಿ ನೋಡಿ ಮನಸ್ಸಿಗೆ ಬಂದರೆ ಜಾಗ ಕಾಯ್ದಿಡುತ್ತಾರೆ. ಇಲ್ಲವಾದರೆ ಅಲ್ಲಿ ಸ್ಟಾಫ್ ಕ್ವಾರ್ಟರ್ಸ್ ಏಳುತ್ತವೆ. ಬರುವವರು ನಡೆಯಲೊಂದು ದಾರಿ ಬೇಕಲ್ಲ, ಬಿದ್ದಿರುವ ಫರ್ಸಿಗಳನ್ನೇ ಹಾಸಲು ಪ್ರಿನ್ಸಿಪಾಲರು ಭಂಕೂರಿನ ಲಾಲಪ್ಪ ಮೇಸ್ತ್ರಿಯನ್ನು ಕಳಿಸಿದ್ದರು. ಹೆಂಡತಿ ಸತ್ತು ಆರು ವರ್ಷವಾಗಿದ್ದ, ಮಾತು ಕಡಿಮೆಯ ಮನುಷ್ಯ.

ಕಡಿಮೆ ಅಂದರೆ, ಆ ಬೇಸಿಗೆಯ ತನಕ. ಹತ್ತು ದಿನದ ಕೆಲಸ ಅವನ ಕೈಯಲ್ಲಿ ಎರಡು ತಿಂಗಳು ನಡೆಯಿತು. ಹಾಸಿದ ಕಲ್ಲನ್ನು ಕಿತ್ತು ಮತ್ತೆ ಹಾಸುತ್ತಿದ್ದ.

"ಯಾಕ್ರಿ ಮೇಸ್ತ್ರಿ, ಈ ಕಲ್ಲು ನಿನ್ನೆ ಛಂದ ಕುಂತಿತ್ತಲ್ಲ?" ಎಂದು ಅವಳು ಓರೆಗಣ್ಣಲ್ಲಿ ಕೇಳುತ್ತಿದ್ದಳು.

"ನಿನ್ನೆ ಕುಂತಿತ್ರಿ. ಇವತ್ತ ಎದ್ದದ."

"ಕಲ್ಲು ತಾನೇ ಏಳ್ತದೇನು?"

"ನೀವು ಈ ಕಡಿ ಬಂದ್ರ ಏಳ್ತದ್ರಿ." ಹೇಳಿಬಿಟ್ಟು ಅವನೇ ಬೆವರುತ್ತಿದ್ದ. ಅವಳು ದುರ್ಬೀನು ಕಣ್ಣಿಗೇರಿಸಿ ಹಕ್ಕಿಯೇ ಇಲ್ಲದ ಬೇವಿನ ಮರವನ್ನು ಬಹಳ ಹೊತ್ತು ನೋಡುತ್ತಿದ್ದಳು.

ಒಂದು ದಿನ ಕಲ್ಲಿನ ಸಪ್ಪಳ ಕೇಳುವುದನ್ನು ಕಲಿಸಿದ. ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಬಂಡೆಗೆ ಕಿವಿ ಹಚ್ಚಬೇಕು. ಗಣ್ ಎಂದರೆ ಪದರು ಕೆಳಗಿನದನ್ನು ಬಿಟ್ಟಿದೆ, ಇಡಿಯಾಗಿ ಏಳುತ್ತದೆ. ಧಬ್ ಎಂದರೆ ಹಿಡಿದಿದೆ, ಮುರಿಯುತ್ತದೆ. ಅವಳು ಒಂದು ಕಡೆ ಕಿವಿ ಹಚ್ಚಿದಳು, ಅವನು ಇನ್ನೊಂದು ಕಡೆ. ಎರಡು ಮುಖಗಳ ನಡುವೆ ಗೇಣು ಜಾಗವಿತ್ತು. ಅವಳ ಮೂಗಿನ ಮೇಲೆ ಕಲ್ಲಿನ ಪುಡಿ ಕೂತಿತ್ತು. ಒರೆಸಬೇಕೆಂದು ಕೈ ಎಷ್ಟು ತುಡಿದರೂ ಅವನು ಸುತ್ತಿಗೆಯನ್ನೇ ಬಿಗಿಯಾಗಿ ಹಿಡಿದುಕೊಂಡ.

"ಎಲ್ಲಾದ್ರ ಕೆಳಗ ಒಂದ್ ಪದರ ಬಿಡ್ತೀವ್ರಿ," ಎಂದ. "ಅದಕ್ಕ ತಾಯಿ ಪದರ ಅಂತೀವಿ. ತಾಯಿನ್ನ ಎಬ್ಬಿಸಬಾರ್ದು."

"ಯಾಕ?"

"ಯಾಕಂತ ಯಾರಿಗ್ಗೊತ್ರಿ. ಹಿರ್ಯಾರು ಅಂದಾರ."

ಅವಳು ನಕ್ಕಳು. "ಯಾಕಂತ ಗೊತ್ತಿಲ್ದ ಮಾತು ಇನ್ನೂ ನಂಬ್ತೀರೇನು? ನನ್ನ ಹುಡುಗ್ರು ಹಿಂಗಂದ್ರ ಬೆಂಚಿನ ಮ್ಯಾಲ ನಿಂದರಸ್ತೀನಿ ನೋಡ್ರಿ."

ಅವನೂ ನಕ್ಕ. ಅವಳ ಎದುರು ಹಳೆಯ ಕಾಲದವನಂತೆ ಕಾಣುವುದು ಅವನಿಗೆ ಬೇಡವಾಗಿತ್ತು.

ಮೇ ತಿಂಗಳಲ್ಲಿ ಪರೀಕ್ಷೆಯ ಪೇಪರು ತಿದ್ದಲು ಅವಳು ಕಲಬುರಗಿಗೆ ಹೋದಳು. ಗುಂಡಿಯ ನೀರು ಬತ್ತಿ ತಳ ಕಂಡಿತ್ತು. "ಪ್ರತಿ ವರ್ಷ ಇದೇ ಹಾಡು. ನೀರು ಇನ್ನೊಂದ್ ಮೊಳ ಇದ್ದಿದ್ರ ಹಕ್ಕಿ ಬಿಟ್ಟು ಹೋಗ್ತಿದ್ದಿಲ್ಲ," ಎಂದು ಬಸ್ಸು ಹತ್ತುವಾಗ ಅಂದು ಹೋದಳು.

ಆ ಒಂದು ಮೊಳ ಲಾಲಪ್ಪನ ತಲೆಯಲ್ಲಿ ಕೂತುಬಿಟ್ಟಿತು. ತಳದ ಪದರು ಎತ್ತಿದರೆ ಗುಂಡಿ ಸರಿಯಾಗಿ ಒಂದು ಮೊಳ ಆಳವಾಗುತ್ತದೆ. ಬಡಿದು ಕಿವಿ ಹಚ್ಚಿದ. ಗಣ್ ಎಂದಿತು. ಕಲ್ಲಿನ ಕೆಲಸದಲ್ಲೇ ಹಲ್ಲು ಉದುರಿಸಿಕೊಂಡ ನಬೀಸಾಬ್ ದಡದಿಂದಲೇ ಕೂಗಿದ. "ಬ್ಯಾಡೋ ಲಾಲ್ಯಾ, ತಾಯಿ ಪದರ ಅದು!"

"ಯಾಕ ಬ್ಯಾಡ, ಹೇಳು ನೋಡೋಣ?" ಎಂದ ಲಾಲಪ್ಪ, ಅವಳದೇ ದನಿಯಲ್ಲಿ.

ಮುದುಕನಿಗೆ ಹೇಳಲು ಬರಲಿಲ್ಲ. ಲಾಲಪ್ಪ ಹನ್ನೆರಡು ದಿನ ಒಬ್ಬನೇ ಎಬ್ಬಿಸಿ, ಒಂದೂ ಮುರಿಯದಂತೆ ಫರ್ಸಿಗಳನ್ನು ದಡಕ್ಕೆ ಜೋಡಿಸಿದ. ಅವಳು ಬಂದು ನೋಡುವ ಗಳಿಗೆಯನ್ನು ನೆನೆದು ಒಳಗೊಳಗೇ ಹಿಗ್ಗಿದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೃಗಶಿರ ಮಳೆ ದೊಡ್ಡದಾಗಿಯೇ ಹೊಯ್ದು ಗುಂಡಿ ತುಂಬಿತು. ಮೂರನೆಯ ದಿನ ಹೋಗಿ ನೋಡಿದರೆ ನೀರಿಲ್ಲ. ತಳದ ಉದ್ದಕ್ಕೂ ಒಂದು ಸೀಳು, ಅದರೊಳಗೆ ಎಲ್ಲವೂ ಇಳಿದುಹೋಗಿತ್ತು. ಅವನ ಕಿವಿಗೆ ಕಲ್ಲು ಏಳುತ್ತದೋ ಇಲ್ಲವೋ ಅಷ್ಟೇ ಗೊತ್ತು. ನೀರು ನಿಲ್ಲುತ್ತದೋ ಇಲ್ಲವೋ ಎಂಬುದು ಸತ್ತುಹೋದ ಹಿರಿಯರಿಗೆ ಗೊತ್ತಿತ್ತು. ಬಂಡಿಗಟ್ಟಲೆ ಕರಿಮಣ್ಣು ತಂದು ತುಳಿದ. ಮುಂದಿನ ಮಳೆಗೆ ಅದೂ ಒಳಗೆ ಹೋಯಿತು.

ದ್ರೌಪದಿ ಬಂದು ದಡದಲ್ಲಿ ನಿಂತಳು. ಖಾಲಿ ಗುಂಡಿ ನೋಡಿದಳು, ಜೋಡಿಸಿಟ್ಟ ಕಲ್ಲು ನೋಡಿದಳು, ಮೊಣಕಾಲ ತನಕ ಕೆಸರಾಗಿದ್ದ ಅವನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಶ್ರಾವಣದಲ್ಲಿ ಸಮಿತಿ ಬಂತು. ಅವನು ಹಾಸಿದ ದಾರಿಯಲ್ಲೇ ನಡೆದು ಬಂದು ಒಣಗುಂಡಿಯ ಮುಂದೆ ನಿಂತಿತು.

"ವಿಶ್ವವಿದ್ಯಾಲಯದ ಕಲ್ಲು ಕಿತ್ತವರು ಯಾರು? ಇದು ಕಳವು. ಪೊಲೀಸರಿಗೆ ಹೇಳಬೇಕಾಗುತ್ತದೆ," ಎಂದರು ಹಿರಿಯ ಸದಸ್ಯರು.

ಲಾಲಪ್ಪ ಮುಂದೆ ಬಂದ. ಬಾಯಿ ತೆರೆಯುವಷ್ಟರಲ್ಲಿ ದ್ರೌಪದಿ ಅವನಿಗೆ ಅಡ್ಡ ನಿಂತಳು.

"ನಾನೇ ಸರ್. ನೀರು ಹೆಚ್ಚು ನಿಲ್ಲಲಿ ಅಂತ ನಾನೇ ತೆಗೆಸಿದೆ. ತಪ್ಪಾಯಿತು."

ಯಾರೋ ಕಿಸಕ್ಕೆಂದರು. ಸಸ್ಯಶಾಸ್ತ್ರದವರು ಕಲ್ಲಿನ ಉಸಾಬರಿಗೆ ಹೋದರೆ ಹೀಗೇ, ಎಂದರು. ಅವಳು ತಲೆ ತಗ್ಗಿಸಲಿಲ್ಲ. ಹದಿನೈದು ದಿನದಲ್ಲಿ ಕ್ವಾರ್ಟರ್ಸ್ ಮಂಜೂರಾಯಿತು, ಅವಳಿಗೆ ದೂರದ ಇನ್ನೊಂದು ಕೇಂದ್ರಕ್ಕೆ ವರ್ಗವಾಯಿತು.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬರಲು ಇನ್ನೂ ಹೊತ್ತಿತ್ತು. ಲಾಲಪ್ಪ ತೊಳೆದ ಧೋತರ ಉಟ್ಟು ಬಂದಿದ್ದ. ಬೆಂಚಿನ ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಅವಳು.

"ಯಾಕ್ ಹಂಗಂದ್ರಿ ಮೇಡಂರಿ? ನನ್ನ ಜೇಲಿಗಿ ಹಾಕ್ತಿದ್ರು, ಅಷ್ಟೇ ಅಲ್ಲೇನು?"

"ಅಷ್ಟೇನು? ಹಿರ್ಯಾರ ಮಾತಿಗಿ ನಕ್ಕಾಕಿ ನಾನು. ನಾ ನಗದಿದ್ರ ನೀವು ಆ ಕಲ್ಲು ಮುಟ್ತಿದ್ದಿಲ್ಲ."

"ನಿಮಗಾಗಿ ಮಾಡೀನ್ರಿ. ನೀವಂದ್ರ ನನಗ..." ಧೋತರದ ಚುಂಗನ್ನು ಬೆರಳಿಗೆ ಸುತ್ತಿಕೊಂಡ. "ನನಗ ಭಾಳ ಜೀವ್ರಿ."

"ನನಗ ಗೊತ್ತಿಲ್ಲೇನು? ನನಗೂ ಅಷ್ಟೇ ಜೀವ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬ್ಯಾರೆ ಯಾರರ ಮಾಡಿದ್ರ ಬೈದು ಮರೀತಿದ್ದೆ."

"ಹಂಗಾದ್ರ ಹೋಗಬ್ಯಾಡ್ರಿ. ನೌಕರಿ ಬಿಡ್ರಿ. ನನ್ನ ರಟ್ಟಿ ಗಟ್ಟಿ ಅದ."

ಅವಳು ಹಳಿಗಳ ಕಡೆ ಮುಖ ತಿರುಗಿಸಿದಳು. "ದಿನಾ ಮುಂಜಾನಿ ಎದ್ದು ನಿಮ್ಮ ಮಾರಿ ನೋಡಿದ್ರ ನನಗ ಆ ಖಾಲಿ ಗುಂಡೀನೇ ಕಾಣ್ತದ. ನನ್ನ ಮಾರ್ಯಾಗ ನಿಮಗೂ ಅದೇ ಕಾಣ್ತದ. ಅದನ್ನ ಇಟ್ಕೊಂಡು ಹ್ಯಾಂಗ ಬಾಳೇವು ಮಾಡೋದು, ಹೇಳ್ರಿ?"

ಗಾಡಿ ಬಂತು. ಅವನು ಅವಳ ಟ್ರಂಕು ಎತ್ತಿ ಒಳಗಿಟ್ಟ. ಕಿಟಕಿಯ ಸರಳು ಹಿಡಿದ ಅವನ ಬೆರಳ ಮೇಲೆ ಅವಳು ಕೈ ಇಟ್ಟಳು. ಮೊದಲನೆಯ ಸಲ, ಎಲ್ಲರೆದುರಿಗೆ.

"ಆ ಗುಂಡಿ ಜಾಗದಾಗ ಮನಿ ಕಟ್ಟಾಕ ನಿಮ್ಮನ್ನೇ ಕರೀತಾರ. ಹೋಗಬ್ಯಾಡ್ರಿ."

"ಹೋಗಂಗಿಲ್ರಿ."

ಗಾಡಿ ಅಲುಗಿತು. ಅವನು ಪ್ಲಾಟ್‌ಫಾರ್ಮ್ ಮುಗಿಯುವ ತನಕ ಜೊತೆಗೆ ನಡೆದ.

ಅವಳಂದಂತೆಯೇ ಆ ಚಳಿಗಾಲ ಅವನನ್ನೇ ಕರೆದರು, ಎರಡರಷ್ಟು ಕೂಲಿ ಕೊಡುತ್ತೇವೆಂದರು. ಲಾಲಪ್ಪ ಮಳಖೇಡಕ್ಕೆ ಹೋಗಿ ಸಿಮೆಂಟಿನ ಚೀಲ ಹೊರುವ ಕೆಲಸಕ್ಕೆ ಸೇರಿದ. ಭಂಕೂರಿನಲ್ಲೇ ಅವನಂಥ ಕಿವಿಯಿಲ್ಲ, ಇವನಿಗೇನು ಬಂತು ಎಂದು ಊರು ಆಡಿಕೊಂಡಿತು. ಹಬ್ಬಕ್ಕೆ ಊರಿಗೆ ಬಂದಾಗಲೂ ಅವನು ಕೇಂದ್ರದ ಕಡೆಯ ದಾರಿ ಬಿಟ್ಟು ಹೊಲಗಳ ಬದುವಿನ ಮೇಲೆ ನಡೆದು ಬರುತ್ತಿದ್ದ. ಯಾಕೆಂದು ನಬೀಸಾಬ್ ಒಮ್ಮೆ ಕೇಳಿದ.

"ಮಾತು ಕೊಟ್ಟೀನಿ, ಚಾಚಾ," ಎಂದಷ್ಟೇ ಹೇಳಿ ಲಾಲಪ್ಪ ಮುಂದೆ ನಡೆದ.