ರೂಬೆನ್ ಕಚ್ಚಿದ ಕಾಲರ್

"ಕತ್ತು ಎತ್ತೋ, ಬಟನ್ ಹಾಕ್ಬೇಕು."

"ಬಿಗಿ ಆಗುತ್ತಮ್ಮಾ. ನನಗೀಗ ಒಂಬತ್ತು ವರ್ಷ. ಈ ಲೇಸ್ ಕಾಲರ್ ಬೇಡ."

"ಇದೊಂದ್ಸಲ ಹಾಕ್ಕೋ."

ಪ್ರತಿ ಭಾನುವಾರವೂ ಅಮ್ಮನದು ಇದೇ ಮಾತು. ಭಾನುವಾರ ದೇವರ ದಿನ, ಸೂಜಿ ಮುಟ್ಟಿದರೆ ಪಾಪ. ಹಾಗಾಗಿ ಶನಿವಾರ ಸಂಜೆಯೇ ಅವಳು ಸೈಲಸ್‌ನ ಕೋಟಿಗೆ ಆ ಕಾಲರನ್ನು ಹೊಲಿದಿಡುತ್ತಿದ್ದಳು.

ಅಮ್ಮ ಊರವರಿಗೆಲ್ಲ ಲೇಸ್ ಹೆಣೆದುಕೊಡುತ್ತಿದ್ದಳು. ಮನೆಗೆಂದು ಹೆಣೆದದ್ದು ಇದೊಂದೇ. ಅದೂ ಅಣ್ಣ ರೂಬೆನ್‌ಗೆ.

ಚರ್ಚ್ ಮುಗಿದ ಮೇಲೆ ಅಮ್ಮ ರೂಬೆನ್‌ನ ಸಮಾಧಿಯ ಹತ್ತಿರ ಉಳಿದಳು. ಸೈಲಸ್ ಒಬ್ಬನೇ ಬಂದರಿನ ದಾರಿ ಹಿಡಿದ. ದೋಣಿಯ ಮೇಲೆ ಊರಿನ ಹುಡುಗ ಜೆಮ್ ಮತ್ತವನ ಗೆಳೆಯರು ಕೂತಿದ್ದರು.

"ದಾರಿ ಬಿಡ್ರೋ! ರಾಣಿ ವಿಕ್ಟೋರಿಯಾಳ ಮೊಮ್ಮಗ ಬಂದ!"

"ಅಲ್ವೋ ಜೆಮ್, ಅವರಮ್ಮ ಕಿಟಕಿ ಪರದೆ ತೆಗೆದು ಇವನ ಕತ್ತಿಗೆ ಕಟ್ಟಿದ್ದಾಳೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈಲಸ್‌ನ ಕಿವಿ ಕೆಂಪಾಯಿತು. ಗೋಡೆಯ ಮರೆಗೆ ಹೋಗಿ ಕಾಲರನ್ನು ಪರ್ರನೆ ಕಿತ್ತ. ಅಲ್ಲಿದ್ದ ಮೀನಿನ ಬುಟ್ಟಿಗೆ ಎಸೆದು ಮನೆಗೆ ಓಡಿದ.

ಅಮ್ಮ ಬಂದವಳೇ ಅವನ ಕತ್ತು ನೋಡಿದಳು.

"ಎಲ್ಲೋ ಅದು?"

"ಬಂದರಲ್ಲಿ... ಬುಟ್ಟೀಲಿ."

ಅವಳು ಬೈಯಲಿಲ್ಲ. ಬಾಗಿಲನ್ನೂ ಮುಚ್ಚದೆ ಬಂದರಿಗೆ ಓಡಿದಳು.

ಮರುದಿನ ಅಮ್ಮ, ಲೇಸ್ ಮುದುಡದಿರಲೆಂದು ಬಾಟಲಿಗೆ ಬಿಳಿ ಬಟ್ಟೆ ಸುತ್ತಿ, ಅದರ ಮೇಲೆ ಬುಟ್ಟಿಯಿಂದ ತಂದ ಕಾಲರನ್ನು ಹರಡಿ ಹೊಲಿದು, ಸೋಪಿನ ನೀರಿನಲ್ಲಿ ಮೆಲ್ಲಗೆ ಅದ್ದಿದಳು. ಅದ್ದಿ ತೆಗೆದು ಮೂಸಿದಳು. ಮತ್ತೆ ಅದ್ದಿದಳು. ಹರಿದಿದ್ದ ಕಡೆಯೆಲ್ಲ ರಿಪೇರಿ ಮಾಡಿದಳು. ಒಂದು ಮೂಲೆಯನ್ನು ಮಾತ್ರ ಹಾಗೆಯೇ ಬಿಟ್ಟಳು.

"ಅಲ್ಲೂ ತೂತಿದೆ ಅಮ್ಮಾ."

"ಅದು ಇರಲಿ. ಅದು ರೂಬೆನ್ ಕಚ್ಚಿದ್ದು."

ಸೈಲಸ್‌ಗೆ ನೆನಪಾಯಿತು. ಪಾದ್ರಿಗಳ ಮಾತು ಉದ್ದವಾದಾಗೆಲ್ಲ ರೂಬೆನ್ ಕಾಲರಿನ ಮೂಲೆಯನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ.

ಎರಡು ವರ್ಷದ ಹಿಂದೆ ರೂಬೆನ್ ಎಂಟನೇ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ. ಆ ಜ್ವರ ಬೇರೆಯವರಿಗೆ ಅಂಟಬಾರದೆಂದು ಅವನ ಅಂಗಿ, ಹಾಸಿಗೆ, ಮರದ ಕುದುರೆ, ಎಲ್ಲವನ್ನೂ ಸುಟ್ಟಿದ್ದರು. ಕಾಲರ್ ಮಾತ್ರ ಆಗ ಅಜ್ಜಿಯ ಮನೆಯಲ್ಲಿ ಬಾಟಲಿಯ ಮೇಲೆ ಒಣಗುತ್ತಿತ್ತು. ಹಾಗಾಗಿ ಉಳಿಯಿತು.

ಭಾನುವಾರ ಬಂತು. ಸೈಲಸ್ ತಾನಾಗಿಯೇ ಕತ್ತು ಎತ್ತಿದ. ಬಟನ್ ತೂತಿನವರೆಗೂ ಬರಲಿಲ್ಲ. ಒಗೆದ ಕಾಲರ್ ತುಸು ಕುಗ್ಗಿತ್ತು. ಅಮ್ಮ ಎಳೆದಳು, ಬಿಟ್ಟಳು. ಮತ್ತೆ ಎಳೆದಳು.

"ಬಟನ್ ಸರಿಸಿ ಹಾಕೋಣ ಅಂದ್ರೆ ಇವತ್ತು ಸೂಜಿ ಮುಟ್ಟೋ ಹಾಗಿಲ್ಲ," ಎಂದಳು. ಮತ್ತೆ ಮೆಲ್ಲಗೆ, "ಸರಿಸಿದ್ರೂ ಎಷ್ಟು ದಿನ? ನೀನು ಅವನಿಗಿಂತ ದೊಡ್ಡವನಾದೆ. ಬಿಚ್ಚಿಬಿಡು ಮಗಾ," ಎಂದಳು.

ಅವಳ ಬೆರಳು ಆ ಮೂಲೆಯ ಮೇಲೇ ಇತ್ತು.

"ಇದೊಂದ್ಸಲ ನೋಡಮ್ಮಾ," ಎಂದ ಸೈಲಸ್. ಉಸಿರೆಲ್ಲ ಹೊರಗೆ ಬಿಟ್ಟು ಗದ್ದ ಮೇಲೆತ್ತಿದ.

ಬಟನ್ ಸೇರಿತು.

ಬಂದರಿನಲ್ಲಿ ಜೆಮ್ ಕೂಗಿದ, "ಏ ಪರದೇ! ಮತ್ತೆ ಬಂದ್ಯಾ?"

ಸೈಲಸ್ ಗದ್ದ ತಗ್ಗಿಸಲಿಲ್ಲ. ಬಟನ್ ಕಿತ್ತುಹೋಗದ ಹಾಗೆ ಸಣ್ಣಗೆ ಉಸಿರಾಡುತ್ತ, ಅಮ್ಮನ ಪಕ್ಕದಲ್ಲಿ ನಡೆದ.